ರಾಜಿಗೂ ಲೆಕ್ಕ ಬೇಕು

ಕೇಳುಗರೇ, ನಮಸ್ಕಾರ.

ಅಮೆರಿಕದಲ್ಲಿ ಒಂದು ಕಂಪನಿ ದಿವಾಳಿ ಎದ್ದಿದೆ ಅಂದುಕೊಳ್ಳಿ. ಉಳಿದ ಆಸ್ತಿಯ ಹೊಣೆ ಈಗ ಟ್ರಸ್ಟಿಯದು. ಹಳೇ ನಿರ್ದೇಶಕನೊಬ್ಬನಿಂದ 1,00,000 ಡಾಲರ್ ಬರಬೇಕೆಂದು ದಾವೆ ನಡೆಯುತ್ತಿದೆ. ಟ್ರಸ್ಟಿ 30,000ಕ್ಕೆ ರಾಜಿಗೆ ಒಪ್ಪುತ್ತಾರೆ. ಸಾಲ ಕೊಟ್ಟು ಕಾದು ಕೂತವರ ಹೊಟ್ಟೆ ಉರಿಯುತ್ತದೆ, ಅಲ್ವಾ?

ಆದರೆ ಟ್ರಸ್ಟಿ ಒಪ್ಪಿದ ಮಾತ್ರಕ್ಕೆ ರಾಜಿ ಆಗುವುದಿಲ್ಲ. ಅಲ್ಲಿನ ದಿವಾಳಿ ನಿಯಮ 9019ರಂತೆ ಕೋರ್ಟ್ ಒಪ್ಪಬೇಕು. ಸಾಲ ಕೊಟ್ಟವರಿಗೆ ಸಾಮಾನ್ಯವಾಗಿ 21 ದಿನ ಮೊದಲೇ ನೋಟಿಸ್ ಹೋಗಬೇಕು.

ಈಗ ಲೆಕ್ಕ ಹಾಕಿ ನೋಡೋಣ. ಗೆಲ್ಲುವ ಸಾಧ್ಯತೆ ಅರ್ಧಕ್ಕರ್ಧ ಅಂದರೆ ದಾವೆಯ ಬೆಲೆ 50,000. ವಕೀಲರ ಖರ್ಚು 25,000 ಆದರೆ ಉಳಿಯುವುದು 25,000. ಅದೂ ವರ್ಷಗಳ ಮೇಲೆ. ಗೆದ್ದರೂ ಆತನ ಕೈಯಲ್ಲಿ ದುಡ್ಡಿರಬೇಕಲ್ಲ! ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಅನ್ನುವುದು ಸುಮ್ನೆ ಅಲ್ಲ. 30,000 ಈಗ ಅಷ್ಟು ಕಡಿಮೆ ಅನಿಸುವುದಿಲ್ಲ.

ಜಡ್ಜ್ ನೋಡುವುದೂ ಇದನ್ನೇ. ಇದರ ಜೊತೆಗೆ ಸಾಲ ಕೊಟ್ಟವರ ಹಿತವನ್ನೂ ತೂಗುತ್ತಾರೆ. ಇಡೀ ದಾವೆಯನ್ನು ವಿಚಾರಣೆ ಮಾಡುವುದಿಲ್ಲ. ಅದು ಸರಿಯೇ, ಹಾಗೆ ಮಾಡಿದರೆ ರಾಜಿ ಯಾಕೆ ಬೇಕು? ಡಬ್ಲ್ಯು.ಟಿ. ಗ್ರಾಂಟ್ ಎಂಬ ಅಂಗಡಿ ಸರಣಿಯ ದಿವಾಳಿ ಪ್ರಕರಣದಲ್ಲಿ 1983ರಲ್ಲಿ ಮೇಲ್ಮನವಿ ಕೋರ್ಟ್ ಒಂದು ಅಳತೆ ಕೊಟ್ಟಿತು. ನ್ಯಾಯ ಅನಿಸುವ ಮೊತ್ತಗಳಲ್ಲಿ ತೀರಾ ಕೆಳಗಿನದಕ್ಕಿಂತಲೂ ರಾಜಿ ಕೆಳಗಿಳಿಯಬಾರದು, ಅಷ್ಟೆ.

ನನಗೆ ಆತಂಕ ಇರುವುದು ಇಲ್ಲೇ. ಅಳತೆ ಇಷ್ಟು ಸಡಿಲ ಇದ್ದಾಗ, "ನನ್ನ ಅನುಭವದಲ್ಲಿ ಇದು ಒಳ್ಳೆಯ ರಾಜಿ" ಎಂದು ಟ್ರಸ್ಟಿ ಎರಡು ಸಾಲು ಬರೆದು ಕೊಟ್ಟರೆ ಸಾಕೇ? ಸಾಲದು. 1968ರಲ್ಲಿ ಟಿಎಂಟಿ ಟ್ರೇಲರ್ ಫೆರ್ರಿ ಎಂಬ ಹಡಗು ಸಾಗಣೆ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು. ಗೆಲುವಿನ ಸಾಧ್ಯತೆ, ಖರ್ಚು, ಹಿಡಿಯುವ ಕಾಲ, ವಸೂಲಿಯ ಕಷ್ಟ, ಇವನ್ನೆಲ್ಲ ಜಡ್ಜ್ ತಿಳಿದು ಅಂದಾಜು ಮಾಡಿರಬೇಕು. ಕೆಳಗಿನ ಕೋರ್ಟಿನ ದಾಖಲೆಯಲ್ಲಿ ಆ ಸಂಗತಿಗಳೇ ಇರಲಿಲ್ಲ. ಪ್ರಕರಣ ವಾಪಸ್ ಹೋಯಿತು.

ಹಾಗಾಗಿ ನೋಟಿಸ್ ಬಂದರೆ ಮಡಚಿ ಇಡಬೇಡಿ. ವಕೀಲರ ಖರ್ಚು 25,000 ಅಂತ ಬರೆದಿದ್ದರೆ, ಅದು ಎಲ್ಲಿಂದ ಬಂತು ಎಂದು ಕೇಳಿ. ನಿರ್ದೇಶಕನ ಬಳಿ ಹಣವಿಲ್ಲ ಅಂದರೆ, ಅವನ ಆಸ್ತಿಯ ವಿವರ ನೋಡಿದ್ದೀರಾ ಎಂದು ಕೇಳಿ. ತಕರಾರನ್ನು ಗಡುವಿನೊಳಗೆ ಬರೆದು ಸಲ್ಲಿಸಿ. ಅದೇ ದಾವೆಯ ಹಕ್ಕಿಗೆ 40,000 ಕೊಡುತ್ತೇನೆ ಅನ್ನುವ ಇನ್ನೊಬ್ಬರು ಸಿಕ್ಕರೆ ಅದನ್ನೂ ಕೋರ್ಟಿನ ಮುಂದಿಡಿ. ಆಗ ಟ್ರಸ್ಟಿ ಮಾಡಹೊರಟಿದ್ದು ರಾಜಿಯೋ ಅಥವಾ ಕಡಿಮೆ ಬೆಲೆಯ ಮಾರಾಟವೋ ಎಂದು ಜಡ್ಜ್ ಕೇಳಬಹುದು.

ನಮಸ್ಕಾರ.