ಅಂಕ ಕಳಿಸಬೇಕೇ, ಬೇಡವೇ?

ಕೇಳುಗರೆಲ್ಲರಿಗೂ ನಮಸ್ಕಾರ.

ಪಿಯುಸಿ ಓದುವ ಮಕ್ಕಳಲ್ಲಿ ಕೆಲವರಿಗೆ ಅಮೆರಿಕದ ಎಂಐಟಿ, ಹಾರ್ವರ್ಡ್, ಯೇಲ್‌ನಂಥ ಕಡೆ ಡಿಗ್ರಿ ಓದುವ ಆಸೆ. ಅರ್ಜಿ ಹಾಕಿದ ನೂರು ಜನರಲ್ಲಿ ಹತ್ತು ಮಂದಿಗೂ ಸೀಟು ಸಿಗದ ಜಾಗಗಳಿವು. ಅಲ್ಲಿನ ಡಿಗ್ರಿ ಪ್ರವೇಶಕ್ಕೆಂದು ಎಸ್‌ಎಟಿ, ಎಸಿಟಿ ಎಂಬ ಎರಡು ಪರೀಕ್ಷೆಗಳಿವೆ. ಎಸ್‌ಎಟಿ ಬರೆಯಬೇಕೋ, ಎಸಿಟಿ ಬರೆಯಬೇಕೋ, ಎರಡನ್ನೂ ಬಿಟ್ಟರೂ ನಡೆದೀತೋ? ಇವತ್ತು ಅದನ್ನೇ ಮಾತಾಡೋಣ.

ಬಿಟ್ಟರೂ ನಡೆಯುತ್ತದೆ ಎಂಬ ಮಾತು ಹರಡಿದ್ದು ಕೋವಿಡ್ ಕಾಲದಲ್ಲಿ. 2020ರಲ್ಲಿ ಪರೀಕ್ಷಾ ಕೇಂದ್ರಗಳೇ ಮುಚ್ಚಿದ್ದರಿಂದ ದೊಡ್ಡ ಕಾಲೇಜುಗಳೂ ಅಂಕ ಕೇಳುವುದನ್ನು ನಿಲ್ಲಿಸಿದವು. ಆ ಮಾತು ಇನ್ನೂ ಓಡಾಡುತ್ತಿದೆ, ಆದರೆ ಕಾಲ ಬದಲಾಗಿದೆ. 2022ರ ಮಾರ್ಚ್‌ನಲ್ಲಿ ಎಂಐಟಿ ಪರೀಕ್ಷೆಯನ್ನು ಮತ್ತೆ ಕಡ್ಡಾಯ ಮಾಡಿತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ ಒಂದರ ಹಿಂದೆ ಒಂದು ಅದೇ ದಾರಿ ಹಿಡಿದವು. ಯೇಲ್ ಮಾತ್ರ ಎಸ್‌ಎಟಿ, ಎಸಿಟಿ ಬದಲು ಎಪಿ (ಶಾಲೆಯಲ್ಲಿರುವಾಗಲೇ ಕಾಲೇಜು ಮಟ್ಟದ ವಿಷಯಗಳಲ್ಲಿ ಬರೆಯುವ ಪರೀಕ್ಷೆ) ಅಥವಾ ಐಬಿ (ಅಂತರರಾಷ್ಟ್ರೀಯ ಪಠ್ಯಕ್ರಮದ ಪರೀಕ್ಷೆ) ಅಂಕಗಳನ್ನೂ ಒಪ್ಪುತ್ತದೆ. ನಮ್ಮ ಪಿಯು ಮಕ್ಕಳಲ್ಲಿ ಬಹುತೇಕರ ಬಳಿ ಅವು ಇರುವುದಿಲ್ಲ. ಇನ್ನೊಂದು ಕಡೆ, ಬರ್ಕ್‌ಲಿ, ಲಾಸ್ ಏಂಜಲೀಸ್ ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಪ್ರವೇಶ ತೀರ್ಮಾನಿಸುವಾಗ ಈ ಅಂಕಗಳನ್ನು ಕಳಿಸಿದರೂ ನೋಡುವುದಿಲ್ಲ. ಹಾಗಾಗಿ ಮೊದಲು ಕಾಲೇಜುಗಳ ಪಟ್ಟಿ ಮಾಡಿ, ಒಂದೊಂದರ ಈ ವರ್ಷದ ನಿಯಮವನ್ನು ಆ ಕಾಲೇಜಿನ ಪ್ರವೇಶ ವಿಭಾಗದ ಪುಟದಲ್ಲೇ ಓದಿ. ಪಕ್ಕದ ಮನೆಯ ಅಣ್ಣ ಮೂರು ವರ್ಷದ ಹಿಂದೆ ಹೇಗೆ ಹೋದ ಎನ್ನುವುದು ನಿಮಗೆ ಆಧಾರವಾಗದು.

ಎರಡರಲ್ಲಿ ಒಂದನ್ನು ಆರಿಸುವ ವಿಚಾರ. ಕಾಲೇಜುಗಳು ಎರಡನ್ನೂ ಸಮಾನವಾಗಿ ನೋಡುತ್ತವೆ, ಎರಡನ್ನೂ ಬರೆಯಬೇಕಾಗಿಲ್ಲ. ಎಸ್‌ಎಟಿ 1600ಕ್ಕೆ, ಎಸಿಟಿ 36ಕ್ಕೆ. ಎಸ್‌ಎಟಿ ಈಗ ಪೂರ್ತಿ ಕಂಪ್ಯೂಟರ್‌ನಲ್ಲಿ: 2 ಗಂಟೆ 14 ನಿಮಿಷ, ಓದು-ಬರಹ ಒಂದು ಭಾಗ, ಗಣಿತ ಇನ್ನೊಂದು. ಪ್ರತಿ ಭಾಗದಲ್ಲೂ ಎರಡು ಸುತ್ತು. ಮೊದಲ ಸುತ್ತಿನಲ್ಲಿ ನೀವು ಹೇಗೆ ಮಾಡುತ್ತೀರೋ ಅದನ್ನು ನೋಡಿ ಎರಡನೆಯ ಸುತ್ತಿನ ಪ್ರಶ್ನೆಗಳು ಬರುತ್ತವೆ. ಆದ್ದರಿಂದ ಮೊದಲ ಸುತ್ತಿನ ಸುಲಭದ ಲೆಕ್ಕಗಳನ್ನು ಅವಸರದಲ್ಲಿ ಕಳೆದುಕೊಂಡರೆ ನಷ್ಟ ದೊಡ್ಡದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಜೆಇಇ ತಯಾರಿಯಲ್ಲಿ ಗೊತ್ತಿಲ್ಲದ್ದನ್ನು ಖಾಲಿ ಬಿಡುವುದು ರೂಢಿಯಾದವರು ಇಲ್ಲಿ ಆ ಅಭ್ಯಾಸ ಬಿಡಬೇಕು. ಎಸಿಟಿಯಲ್ಲೂ ಹಾಗೆಯೇ. ಆದರೆ ಅಲ್ಲಿ ಓದುವ ಭಾಗ ಉದ್ದ, ಒಂದೊಂದು ಪ್ರಶ್ನೆಗೆ ಸಿಗುವ ಸಮಯ ಕಡಿಮೆ. 2025ರಲ್ಲಿ ಬಂದ ಹೊಸ ಸ್ವರೂಪದಲ್ಲಿ ಪ್ರಶ್ನೆಗಳನ್ನು ಕಡಿಮೆ ಮಾಡಿ, ವಿಜ್ಞಾನವನ್ನು ಐಚ್ಛಿಕ ಮಾಡಿದ್ದಾರೆ. ಎರಡರದ್ದೂ ಒಂದೊಂದು ಉಚಿತ ಮಾದರಿ ಪರೀಕ್ಷೆಯನ್ನು ಗಡಿಯಾರ ಇಟ್ಟುಕೊಂಡು ಮನೆಯಲ್ಲೇ ಬರೆದರೆ ಯಾವುದು ನಿಮಗೆ ಒಗ್ಗುತ್ತದೆ ಎಂದು ತಿಳಿಯುತ್ತದೆ. ಅದಕ್ಕೆ ಕೋಚಿಂಗ್ ಸೆಂಟರ್‌ನ ಸಲಹೆಯೂ ಬೇಕಿಲ್ಲ.

ನನಗೆ ನಿಜಕ್ಕೂ ಕಾಳಜಿ ಇರುವುದು ಇನ್ನೊಂದು ವಿಷಯದಲ್ಲಿ. ಅಂಕ ಕಡ್ಡಾಯವಲ್ಲದ ಕಾಲೇಜಿಗೆ, 1400ರ ಆಸುಪಾಸು ಬಂದ ಹುಡುಗಿ, ಅಲ್ಲಿ ಸೇರಿದವರ ಅಂಕ 1500ರ ಮೇಲಿದೆ ಎಂದು ನೋಡಿ, ನಾಚಿಕೊಂಡು ತನ್ನ ಅಂಕ ಮುಚ್ಚಿಡುತ್ತಾಳೆ. ಡಾರ್ಟ್‌ಮತ್ ಕಾಲೇಜಿನ ಅಧ್ಯಾಪಕರು ತಮ್ಮದೇ ಅರ್ಜಿಗಳನ್ನು ಪರಿಶೀಲಿಸಿದಾಗ ಕಂಡದ್ದು ಇದನ್ನೇ. ಬಡ ಹಿನ್ನೆಲೆಯ ಎಷ್ಟೋ ಮಕ್ಕಳು, ಕಳಿಸಿದ್ದರೆ ತಮಗೇ ನೆರವಾಗುತ್ತಿದ್ದ ಅಂಕವನ್ನು ಕಳಿಸಿರಲಿಲ್ಲ. ಅಲ್ಲಿ ಪರೀಕ್ಷೆ ಮತ್ತೆ ಕಡ್ಡಾಯವಾಗಲು ಇದೂ ಒಂದು ಕಾರಣ. ಎಂಐಟಿ ಕೊಟ್ಟ ವಿವರಣೆಯೂ ಇದಕ್ಕೆ ಹತ್ತಿರದ್ದು: ಮೇಲ್ಮಟ್ಟದ ಗಣಿತ ಕೋರ್ಸುಗಳೇ ಇಲ್ಲದ ಶಾಲೆಯ ಮಗುವಿಗೆ ತನ್ನ ಸಾಮರ್ಥ್ಯ ತೋರಿಸಲು ಈ ಪರೀಕ್ಷೆ ಒಂದು ದಾರಿ.

ಅರ್ಜಿ ಓದುವವರು ಅಂಕವನ್ನು ಅದು ಬಂದ ಶಾಲೆಯ ಜೊತೆಗೆ ಇಟ್ಟು ನೋಡುತ್ತಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನ ಹೆಸರನ್ನು ಅಮೆರಿಕದ ಪ್ರವೇಶ ಅಧಿಕಾರಿ ಬಹುಶಃ ಕೇಳಿರಲಾರರು. ನಮ್ಮ ಬೋರ್ಡಿನ 95 ಪರ್ಸೆಂಟನ್ನು ಹೇಗೆ ತೂಗಬೇಕೆಂಬುದೂ ಅವರಿಗೆ ಸುಲಭವಲ್ಲ. ಅಂಥ ಅರ್ಜಿಯಲ್ಲಿ ಜಗತ್ತಿನ ಬೇರೆ ಮಕ್ಕಳ ಪಕ್ಕದಲ್ಲಿಟ್ಟು ನೋಡಬಹುದಾದದ್ದು ಎಸ್‌ಎಟಿ ಅಂಕ ಒಂದೇ. ಹಾಗಿರುವಾಗ ಬೆಂಗಳೂರಿನ ಅಂತರರಾಷ್ಟ್ರೀಯ ಶಾಲೆಯ ಸರಾಸರಿಗೆ ಹೋಲಿಸಿಕೊಂಡು ಹಿಂಜರಿಯಬೇಡಿ. ನಿಮ್ಮ ಕಾಲೇಜಿನಲ್ಲಿ ಸಾಮಾನ್ಯವಾಗಿ ಯಾರೂ ತಲುಪದ ಅಂಕ ನಿಮ್ಮದಾಗಿದ್ದರೆ, ಕಳಿಸಿ.

ಟೋಫೆಲ್ ಅಥವಾ ಐಇಎಲ್‌ಟಿಎಸ್ ಬೇರೆಯೇ ಪರೀಕ್ಷೆ, ಇಂಗ್ಲಿಷ್ ಬಲ್ಲಿರೆಂದು ತೋರಿಸಲು. ಎಸ್‌ಎಟಿ ಎಲ್ಲ ಕಡೆಯೂ ಅದರ ಬದಲಿಯಾಗದು. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಇದರ ನಿಯಮವನ್ನೂ ಕಾಲೇಜುವಾರು ನೋಡಿಕೊಳ್ಳಿ.

ಎಸ್‌ಎಟಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ಬರೆಯಬಹುದು. ಎಂಐಟಿಯಂಥ ಕಾಲೇಜುಗಳು ಬೇರೆ ಬೇರೆ ದಿನದ ಪರೀಕ್ಷೆಗಳಿಂದ ಪ್ರತಿ ಭಾಗದ ಅತ್ಯುತ್ತಮ ಅಂಕವನ್ನು ಸೇರಿಸಿ ನೋಡುತ್ತವೆ. ಜಾರ್ಜ್‌ಟೌನ್ ಬರೆದ ಎಲ್ಲ ಪರೀಕ್ಷೆಗಳ ಅಂಕವನ್ನೂ ಕೇಳುತ್ತದೆ. ಬೇಗ ಅರ್ಜಿ ಹಾಕುವವರಿಗೆ ಸಾಮಾನ್ಯವಾಗಿ ನವೆಂಬರ್ 1 ಕೊನೆಯ ದಿನ, ಉಳಿದವರಿಗೆ ಜನವರಿಯ ಮೊದಲ ದಿನಗಳು. ಅದೇ ಹೊತ್ತಿಗೆ ದ್ವಿತೀಯ ಪಿಯುಸಿಯ ಓದು ಜೋರಾಗಿರುತ್ತದೆ. ಆದ್ದರಿಂದ ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ತಯಾರಾಗಿ, ಮೇ ಅಥವಾ ಜೂನ್‌ನಲ್ಲಿ ಮೊದಲ ಸಲ ಬರೆಯಿರಿ. ಸಾಲದು ಅನಿಸಿದರೆ ಆಗಸ್ಟ್ ಇದೆ.