ಸಾಕವ್ವನ ದನಿ, ಪುಟ್ಟಕ್ಕನ ಮನೆ

ಬಂದೆವು ನೋಡಿ, ರವೀಂದ್ರ ಕಲಾಕ್ಷೇತ್ರ. ನಾಟಕಕ್ಕೆ ಇನ್ನೂ ಟೈಮ್ ಇದೆ. ಅಲ್ಲಿವರೆಗೆ ಮೆಟ್ಟಿಲ ಮೇಲೆ ಕೂತು ನಟಿ ಉಮಾಶ್ರೀ ಅವರ ಬಗ್ಗೆ ಮಾತಾಡೋಣ.

ಅದಕ್ಕೂ ಮುಂಚೆ ಆಟೋ ವಿಷಯ. ಮೆಜೆಸ್ಟಿಕ್‌ನಿಂದ ಇಲ್ಲಿಗೆ ಎಷ್ಟು ದೂರ ಹೇಳಿ? ಕೇಳಿದ್ದು 180 ರೂಪಾಯಿ! ಮೀಟರ್ ಹಾಕಿ ಅಣ್ಣಾ ಅಂದರೆ, ‘ಮೇಡಂ, ಆ ಕಡೆಯಿಂದ ಖಾಲಿ ಬರಬೇಕು’ ಅಂದರು. ಜೆ.ಸಿ. ರಸ್ತೆಯಿಂದ ಖಾಲಿ ಬರೋದಾ? ದಿನವಿಡೀ ಜನ ಕಾರಿನ ಸ್ಪೇರ್‌ಪಾರ್ಟ್ಸ್ ಹುಡುಕಿಕೊಂಡು ಬರುವ ರಸ್ತೆ ಇದು. ಚೌಕಾಸಿ ಮಾಡಿ 140ಕ್ಕೆ ಒಪ್ಪಿಸಿದೆ. ಟೌನ್‌ಹಾಲ್ ಹತ್ತಿರ ಟ್ರಾಫಿಕ್ ಸಿಕ್ಕಿದ ಕೂಡಲೇ ‘ಇನ್ನು 20 ಸೇರಿಸಿ ಕೊಡಿ’. ಇಳಿದು 200 ಕೊಟ್ಟರೆ ಚಿಲ್ಲರೆ ಇಲ್ಲ. ಫೋನಿನಲ್ಲಿ ಹಾಕುತ್ತೇನೆ ಅಂದರೆ ಸ್ಕ್ಯಾನರ್ ಇಲ್ಲ. ಕೊನೆಗೆ ಅಂಗಡಿಗೆ ಓಡಿ, ನೀರಿನ ಬಾಟಲ್ ಕೊಂಡು ಚಿಲ್ಲರೆ ಮಾಡಿಸಿದೆ. ಟಿಕೆಟ್‌ಗಿಂತ ಆಟೋಗೆ ಜಾಸ್ತಿ ಆದರೆ ನಾಟಕಕ್ಕೆ ಯಾರು ಬರುತ್ತಾರೆ? ರಾತ್ರಿ ಶೋ ಮುಗಿಸಿ, ಬಣ್ಣ ಒರೆಸಿಕೊಂಡು ಮನೆಗೆ ಹೊರಡುವ ಕಲಾವಿದೆಯರ ಪಾಡು ಏನು? ಅವರಿಗೆ ಕಾರು ಕಳಿಸುವವರು ಯಾರೂ ಇಲ್ಲ.

ಸರಿ, ವಿಷಯಕ್ಕೆ ಬರುತ್ತೇನೆ. ಉಮಾಶ್ರೀ ತುಮಕೂರು ಜಿಲ್ಲೆಯ ನೊಣವಿನಕೆರೆಯವರು, ಹುಟ್ಟಿದ್ದು 1957ರಲ್ಲಿ. ಇಬ್ಬರು ಮಕ್ಕಳನ್ನು ಒಂಟಿಯಾಗಿ ಸಾಕುತ್ತಾ ರಂಗಭೂಮಿಯಲ್ಲಿ ದುಡಿದವರು. ದೇವನೂರ ಮಹಾದೇವ ಅವರ ಕಿರುಕಾದಂಬರಿ ‘ಒಡಲಾಳ’ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಇವರೇ ಸಾಕವ್ವ. ಕಳೆದುಹೋದ ಹುಂಜಕ್ಕಾಗಿ ಊರೆಲ್ಲಾ ಹುಡುಕುವ ಮುದುಕಿ. ಪಾತ್ರ ಮಾಡಿದವರಿಗೆ ಇನ್ನೂ ಮುದುಕಿಯ ವಯಸ್ಸಲ್ಲ! ಇವತ್ತಿಗೂ ಹಳೆಯ ರಂಗಪ್ರಿಯರು ಅವರ ಹೆಸರು ಎತ್ತಿದರೆ ಮೊದಲು ಸಾಕವ್ವನನ್ನೇ ನೆನೆಯುತ್ತಾರೆ.

ಇಲ್ನೋಡಿ, ಪೋಸ್ಟರ್ ಅಂಟಿಸುತ್ತಿದ್ದಾರೆ. ಒಂದು ನಿಮಿಷ, ಇದನ್ನು ಕ್ಯಾಮೆರಾದಲ್ಲಿ ತೋರಿಸಿಬಿಡುತ್ತೇನೆ.

ಹಾಂ. ಆಮೇಲೆ ಸಿನಿಮಾ. ಕಾಶೀನಾಥ್ ಅವರ ‘ಅನುಭವ’, 1984. ಅಲ್ಲಿಂದ ಮುಂದೆ ಹಾಸ್ಯನಟ ಎನ್.ಎಸ್. ರಾವ್ ಜೊತೆ ಎಷ್ಟೊಂದು ಕಾಮಿಡಿ. ಇಲ್ಲಿ ನನಗೆ ಸಿಟ್ಟಿದೆ. ಸಾಕವ್ವನನ್ನು ಮಾಡಿದವರಿಗೆ ವರ್ಷಗಟ್ಟಲೆ ಅದೇ ಥರದ ಡಬಲ್ ಮೀನಿಂಗ್ ಡೈಲಾಗ್ ಕೊಟ್ಟಿದ್ದು ಅನ್ಯಾಯ. ಆದರೂ, ಇರಿ, ಆ ಸೀನ್‌ಗಳನ್ನು ಈಗ ನೋಡಿದರೆ ಅವರ ಟೈಮಿಂಗ್‌ಗೆ ಕೈಮುಗಿಯಬೇಕು. ಎದುರಿಗೆ ನಿಂತವರ ಮಾತು ಮುಗಿಯುವ ಮುಂಚೆಯೇ ಮುಖದಲ್ಲಿ ಉತ್ತರ ಬಂದಿರುತ್ತದೆ.

2008ರ ‘ಗುಲಾಬಿ ಟಾಕೀಸ್’ ನೋಡಿಲ್ಲ ಅಂದರೆ ದಯವಿಟ್ಟು ನೋಡಿ. ವೈದೇಹಿ ಅವರ ಕಥೆ, ಗಿರೀಶ್ ಕಾಸರವಳ್ಳಿ ನಿರ್ದೇಶನ. ಕುಂದಾಪುರ ಕಡೆಯ ಮೀನುಗಾರರ ಊರಲ್ಲಿ ಗುಲಾಬಿ ಅನ್ನುವ ಸೂಲಗಿತ್ತಿ. ಅವಳ ಮನೆಗೆ ಟಿವಿ ಬರುತ್ತದೆ, ಡಿಶ್ ಬರುತ್ತದೆ, ಅಕ್ಕಪಕ್ಕದ ಹೆಂಗಸರು ನೋಡಲು ಬಂದು ಸೇರುತ್ತಾರೆ. ಆ ಪಾತ್ರಕ್ಕೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಊರ ಹೆಂಗಸರನ್ನು ಟಿವಿ ಮುಂದೆ ಕೂರಿಸಿದ ಅದೇ ನಟಿ, ಮುಂದೆ ಅದೇ ಟಿವಿಯೊಳಗೆ ಬಂದರು.

ನಡುವೆ ತೇರದಾಳದ ಶಾಸಕಿ, 2013ರಿಂದ 2018ರವರೆಗೆ ಸಿದ್ದರಾಮಯ್ಯ ಸರ್ಕಾರದಲ್ಲಿ ಮಂತ್ರಿ ಆಗಿದ್ದರು. ಅದು ಬೇರೆಯೇ ಕಥೆ, ಬಿಡಿ.

2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಸೀರಿಯಲ್ ಶುರುವಾಯಿತು. ಉಮಾಶ್ರೀ ಅವರೇ ಪುಟ್ಟಕ್ಕ. ಗಂಡು ಮಗು ಆಗಲಿಲ್ಲ ಅಂತ ಗಂಡ ಬಿಟ್ಟುಹೋದವಳು, ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಟಿಆರ್‌ಪಿಯಲ್ಲಿ ಬಹಳ ದಿನ ಮೇಲೇ ಇತ್ತು. ಸೀರಿಯಲ್ ಅಂದರೆ ದೊಡ್ಡ ನಟಿಯರಿಗೆ ಇಳಿಜಾರು ಅಂತ ನಾನೂ ವಾದ ಮಾಡಿದ್ದೆ. ಈಗ ಹಾಗನ್ನಿಸಲ್ಲ. ಪುಟ್ಟಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿ ದನಿ ಎತ್ತಿದರೆ ಅಡುಗೆಮನೆಯಲ್ಲಿದ್ದವರೂ ಹೊರಗೆ ಬರುತ್ತಾರೆ. ಆ ದನಿ ಒಂದೇ ದಿನಕ್ಕೆ ಬಂದಿದ್ದಲ್ಲ, ಕೊನೆಯ ಸಾಲಿನವರಿಗೂ ಕೇಳಬೇಕು ಅಂತ ನಾಟಕದಲ್ಲಿ ಬೆಳೆಸಿಕೊಂಡಿದ್ದು. ಸೀರಿಯಲ್‌ನಲ್ಲಿ ದಿನಕ್ಕೆ ಎಷ್ಟೋ ಸೀನ್ ಮುಗಿಸಬೇಕು, ರಿಹರ್ಸಲ್‌ಗೆ ಟೈಮ್ ಎಲ್ಲಿ? ಅಂಥ ಕಡೆ ರಂಗಭೂಮಿಯ ತಾಲೀಮೇ ಕೈಹಿಡಿಯುತ್ತದೆ.

ಇದರ ನಡುವೆ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕವನ್ನೂ ಮಾಡಿದರು. ಬೇಲೂರು ರಘುನಂದನ್ ಬರೆದಿದ್ದು, ಚಿದಂಬರರಾವ್ ಜಂಬೆ ನಿರ್ದೇಶನ. ಪುಟ್ಟಕ್ಕನನ್ನು ಮೆಚ್ಚಿದವರು ಅವಕಾಶ ಸಿಕ್ಕಿದರೆ ಅದನ್ನೂ ನೋಡಿ. ಮತ್ತೆ ನನ್ನ ಅಮ್ಮ… ಅಯ್ಯೋ, ಬೆಲ್ ಹೊಡೆದರು! ಕ್ಯಾಮೆರಾ ಆಫ್ ಮಾಡುತ್ತೇನೆ, ಒಳಗೆ ಶೂಟ್ ಮಾಡುವ ಹಾಗಿಲ್ಲ.