ಕ್ರಿಯಾಟಿನಿನ್ ಒಂದು ದಿನದ ಮಳೆಯಲ್ಲ

(ತೀರ್ಥಹಳ್ಳಿಯಲ್ಲಿ ಹಿರಿಯ ನಾಗರಿಕರ ಸಭೆಯೊಂದರಲ್ಲಿ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊನೆಕೊಯ್ಲಿನ ಗಡಿಬಿಡಿಯಲ್ಲೂ ಇಷ್ಟು ಜನ ಬಂದಿದ್ದೀರಿ. ಸುಮಾರು ಜನರ ಕೈಯಲ್ಲಿ ರಿಪೋರ್ಟಿನ ಕವರ್ ಕಾಣುತ್ತಿದೆ. ಭಾಷಣ ಮುಗಿದಮೇಲೆ ತೋರಿಸೋಣ ಅಂತ ತಂದಿದ್ದೀರಿ, ಗೊತ್ತು. ಖಂಡಿತ ನೋಡುತ್ತೇನೆ.

ಹೋದ ತಿಂಗಳು ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು, 76 ವರ್ಷ. ಕೂರುವ ಮೊದಲೇ, "ಡಾಕ್ಟ್ರೇ, 52 ಬಂದಿದೆ. ಅರ್ಧ ಕಿಡ್ನಿ ಹೋಯ್ತು ಅಂತಲೇ ಲೆಕ್ಕ ಅಲ್ವಾ?" ಅಂದರು. ಜೀವಮಾನವಿಡೀ ನೂರಕ್ಕೆ ಇಷ್ಟು ಅಂತ ಅಂಕ ಹಾಕಿದ ಕೈ ಅದು! ಆದರೆ ಇದು ನೂರಕ್ಕೆ ಕೊಟ್ಟ ಅಂಕವಲ್ಲ. ಎರಡೂ ಮೂತ್ರಪಿಂಡ ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತವೆ ಅನ್ನುವ ಲೆಕ್ಕ. ರಿಪೋರ್ಟಿನಲ್ಲಿ ಇದನ್ನು ಇ-ಜಿಎಫ್‌ಆರ್ ಅಂತ ಬರೆದಿರುತ್ತಾರೆ. ಆ 'ಇ' ಅಂದರೆ ಅಂದಾಜು. ಲ್ಯಾಬಿನವರು ಅಳೆಯುವುದು ರಕ್ತದ ಕ್ರಿಯಾಟಿನಿನ್ ಒಂದನ್ನೇ. ಅದಕ್ಕೆ ನಿಮ್ಮ ವಯಸ್ಸು, ಹೆಣ್ಣೋ ಗಂಡೋ ಅನ್ನುವುದನ್ನು ಸೇರಿಸಿ ಸೂತ್ರಕ್ಕೆ ಹಾಕುತ್ತಾರೆ. ಫಸಲನ್ನು ಚೇಣಿಗೆ, ಅಂದರೆ ಗುತ್ತಿಗೆಗೆ, ಹಿಡಿಯುವವನು ತೋಟದಲ್ಲಿ ನಿಂತು ಮರದ ಮೇಲಿನ ಕೊನೆ ನೋಡಿ ಇಷ್ಟು ಕ್ವಿಂಟಾಲ್ ಅನ್ನುತ್ತಾನಲ್ಲ, ಹಾಗೆ. ಅನುಭವಸ್ಥನ ಅಂದಾಜು ಹೌದು, ತಕ್ಕಡಿಗೆ ಹಾಕಿದ ತೂಕವಲ್ಲ.

ಕ್ರಿಯಾಟಿನಿನ್ ಹುಟ್ಟುವುದು ನಮ್ಮ ಮಾಂಸಖಂಡಗಳಲ್ಲಿ. ದಿನವೂ ಹುಟ್ಟುತ್ತದೆ, ಮೂತ್ರಪಿಂಡ ಹೊರಗೆ ಹಾಕುತ್ತದೆ. ಮರ ಹತ್ತುವ 30ರ ಹುಡುಗನಿಗೂ 1.2, ಮೊಮ್ಮಕ್ಕಳಿಗೆ ಕಥೆ ಹೇಳುವ 78ರ ಅಜ್ಜಿಗೂ 1.2 ಬಂತು ಅಂತ ಇಟ್ಟುಕೊಳ್ಳಿ. ಇ-ಜಿಎಫ್‌ಆರ್‌ನ 2021ರ ಸೂತ್ರದಲ್ಲಿ ಲೆಕ್ಕ ಹಾಕಿದರೆ ಹುಡುಗನಿಗೆ ಸುಮಾರು 83, ಅಜ್ಜಿಗೆ ಸುಮಾರು 46. ಅಜ್ಜಿಯ ಮೈಯಲ್ಲಿ ಮಾಂಸವೇ ಕಮ್ಮಿ. ಅಷ್ಟು ಕಮ್ಮಿ ಹುಟ್ಟಿಯೂ ರಕ್ತದಲ್ಲಿ 1.2 ಉಳಿದಿದೆ ಅಂದರೆ ಸೋಸುವುದು ನಿಧಾನವಾಗಿದೆ ಅಂತ. ಹಾಗಾಗಿ "ಕ್ರಿಯಾಟಿನಿನ್ ನಾರ್ಮಲ್ ಇದೆಯಲ್ಲ" ಅಂತ ಸುಮ್ಮನಾಗುವುದೂ ತಪ್ಪು, 46 ಕಂಡು ಡಯಾಲಿಸಿಸ್ ಕನಸು ಬೀಳುವುದೂ ತಪ್ಪು.

ನಲವತ್ತು ದಾಟಿದ ಮೇಲೆ ಈ ಜಿಎಫ್‌ಆರ್ ವರ್ಷಕ್ಕೆ ಹೆಚ್ಚುಕಮ್ಮಿ ಒಂದರಂತೆ ಇಳಿಯುವುದು ಬಹಳ ಜನರಲ್ಲಿ ಕಾಣುತ್ತದೆ. ಎಲ್ಲರಲ್ಲೂ ಅಲ್ಲ. ಅಮೆರಿಕದ ಬಾಲ್ಟಿಮೋರಿನಲ್ಲಿ ವರ್ಷಗಟ್ಟಲೆ ಜನರನ್ನು ಗಮನಿಸಿದಾಗ ಮೂರರಲ್ಲಿ ಒಂದು ಪಾಲಿನವರಿಗೆ ಇಳಿಕೆಯೇ ಕಾಣಲಿಲ್ಲ. ನಿಯಮದ ಪ್ರಕಾರ ಮೂರು ತಿಂಗಳು 60ರ ಕೆಳಗೇ ಇದ್ದರೆ ಕಾಯಿಲೆ ಅನ್ನುತ್ತೇವೆ. 75 ದಾಟಿದವರಲ್ಲಿ 45ರಿಂದ 59ರೊಳಗಿದ್ದು, ಮೂತ್ರದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನು ಹೋಗದೇ ಇದ್ದರೆ ಅದನ್ನು ಕಾಯಿಲೆ ಅನ್ನಬೇಕೋ, ನೆರೆಗೂದಲಿನ ಹಾಗೆ ವಯಸ್ಸಿನ ಗುರುತು ಅನ್ನಬೇಕೋ ಅಂತ ನಮ್ಮ ವೈದ್ಯರಲ್ಲೇ ಜಗಳವಿದೆ. ನಾನು ಎರಡನೆಯವರ ಕಡೆ. ಆದರೆ ಆಲ್ಬುಮಿನ್ ನೋಡದೆ ಆ ಮಾತು ಆಡುವ ಹಾಗಿಲ್ಲ. ಆ ಮೂತ್ರಪರೀಕ್ಷೆ 30ರ ಒಳಗಿದ್ದರೆ ನೆಮ್ಮದಿ, 300 ದಾಟಿದರೆ ಜಿಎಫ್‌ಆರ್ ಎಷ್ಟೇ ಚೆನ್ನಾಗಿರಲಿ ಬಿಡುವಂತಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ಕೇಳಿ ಮಾಡಿಸಿಕೊಳ್ಳಿ. ಎಷ್ಟೋ ಪ್ಯಾಕೇಜುಗಳಲ್ಲಿ ಅದೊಂದೇ ಇರುವುದಿಲ್ಲ.

ಇನ್ನು ಮಳೆ ಲೆಕ್ಕದ ಮಾತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಗೆ ಬರೆಯುವ ರೂಢಿಯಿದೆ. ಒಂದು ದಿನ ಬಿಡದೆ ಹೊಡೆಯಿತು ಅಂತ ಆ ವರ್ಷದ ಮಳೆ ಜಾಸ್ತಿ ಅಂತೀರಾ? ಇಲ್ಲ. ಕ್ರಿಯಾಟಿನಿನ್ ಕೂಡ ಹಾಗೇ. ಹಿಂದಿನ ರಾತ್ರಿ ಬಾಡೂಟ ಉಂಡಿದ್ದರೆ ಏರುತ್ತದೆ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡರೆ ಏರುತ್ತದೆ. ಇಲಿಜ್ವರದಲ್ಲಿ ನಾಲ್ಕೇ ದಿನಕ್ಕೆ ಒಂದರಿಂದ ಐದಕ್ಕೆ ಹೋಗಿ, ಚಿಕಿತ್ಸೆಯಾದ ಮೇಲೆ ಕೆಳಗೆ ಬರುವುದೂ ಉಂಟು. ಗದ್ದೆ ಕೆಸರಿಗೆ ಇಳಿದವರಿಗೆ ಜ್ವರ ಬಂದು ಮೂತ್ರ ಕಮ್ಮಿಯಾದರೆ ಆ ದಿನವೇ ಬನ್ನಿ, ಅದಕ್ಕೆ ಈ ಮಳೆ ಲೆಕ್ಕ ಹೊಂದುವುದಿಲ್ಲ. ಉಳಿದಂತೆ, ಆದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೆಯದನ್ನು ಎಸೆಯದೆ ಸಾಲಾಗಿ ಇಟ್ಟು ನೋಡಿ. ಜಿಎಫ್‌ಆರ್ ವರ್ಷಕ್ಕೆ ಐದಕ್ಕಿಂತ ಹೆಚ್ಚು ಇಳಿಯುತ್ತಿದ್ದರೆ, ಅಥವಾ 30ರ ಕೆಳಗೆ ಬಂದರೆ, ಮೂತ್ರಪಿಂಡ ತಜ್ಞರನ್ನು ಕಾಣಬೇಕು.

ಇಳಿಕೆಗೆ ನಾವೇ ತಳ್ಳು ಕೊಡುವುದೂ ಇದೆ. ಮಂಡಿನೋವಿಗೆ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಮಾತ್ರೆಗಳನ್ನು ಕಡಲೆ ತಿಂದ ಹಾಗೆ ತಿನ್ನಬೇಡಿ. ಬಿಪಿ ಮಾತ್ರೆ, ಮೂತ್ರ ಹೋಗಿಸುವ ಮಾತ್ರೆ ಜೊತೆಗಿದ್ದರೆ ಇನ್ನೂ ಅಪಾಯ. ಹಾಗಂತ ಬಿಪಿ ಮಾತ್ರೆಯನ್ನು ನೀವಾಗಿ ಬಿಡಬೇಡಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್ ಶುರುಮಾಡಿದಾಗ ಕ್ರಿಯಾಟಿನಿನ್ ಸ್ವಲ್ಪ ಏರುವುದು ನಮಗೆ ಗೊತ್ತಿರುವ ವಿಷಯವೇ. ಈಶ್ವರಿ ಬೇರಿನ ಕಷಾಯ ನಮ್ಮ ಅಜ್ಜಿಯಂದಿರ ಕಾಲದ್ದು, ಒಪ್ಪುತ್ತೇನೆ. ಆದರೆ ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನೇ ಒಣಗಿಸುತ್ತದೆ. ಅದೇ ಜಾತಿಯ ಗಿಡ ಸೇರಿದ್ದ ತೆಳ್ಳಗಾಗುವ ಔಷಧಿಯಿಂದ ಬೆಲ್ಜಿಯಂನಲ್ಲಿ ಎಷ್ಟೋ ಹೆಂಗಸರ ಮೂತ್ರಪಿಂಡ ಕೆಟ್ಟದ್ದು 1993ರಲ್ಲಿ ಬೆಳಕಿಗೆ ಬಂತು. ಕೊಲೆಸ್ಟರಾಲಿಗೆ ಅಂತ ಬಿಂಬುಳಿ ರಸ ಲೋಟಗಟ್ಟಲೆ ಕುಡಿಯುವುದೂ ಬೇಡ. ಸಾರಿಗೆ ನಾಲ್ಕು ಕಾಯಿ ಹಾಕುವುದು ಬೇರೆ. ಜಿಎಫ್‌ಆರ್ ತೀರಾ ಇಳಿದವರು ಧಾರೆಹುಳಿ ಹಣ್ಣನ್ನು ಮುಟ್ಟಲೇಬಾರದು.

ನಾಲ್ಕು ಲೀಟರ್ ನೀರು ಕುಡಿದರೆ ಕಿಡ್ನಿ ತೊಳೆದು ಹೋಗುತ್ತದೆ ಅನ್ನುವುದು ಸುಳ್ಳು. ಬಾಯಾರಿಕೆಗೆ ತಕ್ಕಷ್ಟು ಕುಡಿಯಿರಿ. ಹೃದಯದ ತೊಂದರೆ ಇದ್ದವರು ಕೇಳಿ ಕುಡಿಯಿರಿ.

ಆ ಮೇಷ್ಟ್ರು ವಾರ ಬಿಟ್ಟು ಮತ್ತೆ ಬಂದರು. ಬಟ್ಟೆ ಅಂಗಡಿಯ ಕವರಿನಲ್ಲಿ ಏಳು ವರ್ಷದ ರಿಪೋರ್ಟು, ಕೆಳಗಿನವು ಮಳೆಗಾಲದ ತಂಡಿಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ನೋಡಿದರೆ ಮೊದಲನೆಯದರಲ್ಲಿ 59, ಈಗ 52. ಮೂತ್ರದ ಆಲ್ಬುಮಿನ್ 12. "ವರ್ಷಕ್ಕೊಮ್ಮೆ ನೋಡೋಣ ಸಾರ್, ಸಾಕು" ಅಂದೆ. ಅವರು ಚೀಲದಿಂದ ಮಳೆ ಡೈರಿ ತೆಗೆದು ಕೊನೇ ಪುಟಕ್ಕೆ ಏಳೂ ಅಂಕಿ ಇಳಿಸಿ, ಕೆಳಗೆ 'ಬರುವ ಕೊನೆಕೊಯ್ಲಿಗೆ' ಅಂತ ಬರೆದುಕೊಂಡರು.

ಸರಿ, ಯಾರ ಕವರ್ ಮೊದಲು?